ಗೇರುಬೀಜದ ಸೊನೆಯ ಕಲೆ

ಮಗಳ ಅಂಗೈಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಕಂಡ ದಿನ ನಾನು ಮೊದಲು ಮಾಡಿದ ಕೆಲಸ ಅವಳನ್ನು ಬೈದದ್ದು. ರಕ್ತದ ಕ್ಯಾನ್ಸರಿನ ಔಷಧಿ ನಿಂತು ವರ್ಷವಾಗಿತ್ತಷ್ಟೆ. ಒಂಬತ್ತು ವರ್ಷದ ಅವಳಿಗೆ ಬಿಸಿಲು, ಧೂಳು, ಮನೆ ಹಿಂದಿನ ಗೇರುಮರಗಳ ಗುಡ್ಡೆ ಎಲ್ಲವನ್ನೂ ಬೇಡವೆಂದಿದ್ದೆ. ಗೇರುಬೀಜದ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಗುಡ್ಡೆಗೆ ಹೋಗಿದ್ದಿಯಲ್ಲ? ಸುಳ್ಳು ಹೇಳ್ಬೇಡ."

"ಇಲ್ಲಮ್ಮ, ದೇವರಾಣೆಗೂ ಇಲ್ಲ."

ನಾನು ನಂಬಲಿಲ್ಲ. ಬಚ್ಚಲುಮನೆಯಲ್ಲಿ ಕೂರಿಸಿ ತೆಂಗಿನೆಣ್ಣೆ ಹಚ್ಚಿ ತಿಕ್ಕಿದೆ. ಅತ್ತೆ ಬಾಗಿಲಲ್ಲಿ ನಿಂತು, "ಎಷ್ಟು ತಿಕ್ಕುವುದು ಮಾರಾಯ್ತಿ, ಅದು ಮಗುವಿನ ಕೈ, ದೋಸೆಕಲ್ಲಲ್ಲ" ಅಂದರು. ಸೊನೆಯ ಕಲೆಯಾಗಿದ್ದರೆ ವಾರದಲ್ಲಿ ಸುಲಿದು ಹೋಗಬೇಕು. ಇವು ಹೋಗಲಿಲ್ಲ. ಎರಡನೇ ವಾರ ಅಂಗಾಲಿನಲ್ಲೂ ಕಂಡವು.

ನಾಲ್ಕು ವರ್ಷದ ಹಿಂದೆ ರೋಗ ಶುರುವಾದದ್ದೂ ಚುಕ್ಕೆಗಳಿಂದಲೇ. ಕಾಲಿನ ಕೆಂಪು ಚುಕ್ಕೆಗಳನ್ನು ಸೊಳ್ಳೆ ಕಚ್ಚಿದ್ದೆಂದು ಹತ್ತು ದಿನ ಸುಮ್ಮನಿದ್ದವಳು ನಾನೇ. ಆ ಹತ್ತು ದಿನಗಳಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಉಪ್ಪಳದಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ಮಗಳು ಕಿಟಕಿ ಪಕ್ಕ ಮುಷ್ಟಿ ಬಿಗಿಹಿಡಿದು ಕೂತಿದ್ದಳು. "ಅಮ್ಮ, ಕೂದಲು ಪುನಃ ಹೋಗ್ತದಾ?" ಎಂದು ಒಮ್ಮೆ ಕೇಳಿದಳು. ನಾನು ಅವಳ ಗಿಡ್ಡ ಜಡೆ ಸರಿಮಾಡಿದೆ.

ರಕ್ತಪರೀಕ್ಷೆಯ ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚರ್ಮದ ಡಾಕ್ಟರು ಮಸೂರ ಹಿಡಿದು ಕೈಕಾಲು ನೋಡಿದರು. "ಇದು ಬರೀ ಮಚ್ಚೆ. ಆ ಔಷಧಿ ತೆಗೆದುಕೊಂಡ ಕೆಲವು ಮಕ್ಕಳಿಗೆ ಅಪರೂಪಕ್ಕೆ ಹೀಗೆ ಒಟ್ಟಿಗೆ ಏಳುವುದುಂಟು. ರೋಗ ತಿರುಗಿ ಬಂದದ್ದಲ್ಲ. ಯಾವುದಾದರೂ ದೊಡ್ಡದಾದರೆ, ಬಣ್ಣ ಬದಲಾದರೆ ಕೂಡಲೇ ತೋರಿಸಿ. ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಸಾಕು. ಕಡು ಬಿಸಿಲು ಬೇಡ, ತುಂಬು ತೋಳಿನ ಅಂಗಿ ಹಾಕಿ. ಆದರೆ ಆಡ್ಲಿಕ್ಕೆ ಬಿಡಿ."

ಹೂಂ ಎಂದೆ, ಬಿಡಲಿಲ್ಲ. ಡಾಕ್ಟರು ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಅತ್ತೆ ಮಾತ್ರ ಮೊಮ್ಮಗಳ ಅಂಗಾಲು ಮಡಿಲಲ್ಲಿಟ್ಟು ಮಚ್ಚೆ ಎಣಿಸಿದರು. "ಕಾಲಡಿಯಲ್ಲಿ ಒಂದಿದ್ದರೇ ಊರು ಸುತ್ತುವ ಯೋಗ. ಇವಳಿಗೆ ಏಳುಂಟು. ನೀನು ಎಷ್ಟು ದಿನ ಕಟ್ಟಿಹಾಕ್ತಿ?" ಎಂದು ನನ್ನನ್ನು ಚುಚ್ಚಿದರು.

ಏಪ್ರಿಲಿನ ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳ ತೋರುಬೆರಳಿನಲ್ಲಿ ಹೊಸ ಕಪ್ಪು ಕಲೆ ಕಂಡಿತು. ಕೈಯನ್ನು ಎಳೆದು ಕಣ್ಣ ಹತ್ತಿರ ತಂದೆ. ಸುಟ್ಟ ಗೇರುಬೀಜದ ವಾಸನೆ ಮೂಗಿಗೆ ಬಡಿಯಿತು.

"ಗುಡ್ಡೆಗೆ ಹೋಗಿದ್ದಿಯಾ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಮಜ್ಜಿಗೆಯ ಪಾತ್ರೆ ನೋಡಿದರು.

"ಹೌದಮ್ಮ. ಅಜ್ಜಿಯೂ ಇದ್ರು."

ಬೈಯಲು ಬಾಯಿ ತೆರೆದವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನನಗೆ ಒಂದು ಬೀಜವಾದರೂ ಉಳಿಸಿದ್ದೀರಾ?" ಎಂದೆ. ಮಗಳು ಫ್ರಾಕಿನ ಕಿಸೆಗೆ ಕೈ ಹಾಕಿದಳು.