ನಾರ್ಮಲ್ ಅಂದರೆ ಎಷ್ಟು?

ಬೆಂಗಳೂರಿನ ಶಿವಾಜಿನಗರದ ಹೋಟೆಲೊಂದರಲ್ಲಿ ಮೊದಲ ಸಲ ಕೂತ ದಿನ, ನಡುವಯಸ್ಸಿನ ಮಾಣಿಯೊಬ್ಬರು ಬಂದು ಕೇಳಿದ್ದು ಒಂದೇ ಮಾತು. "ನಾರ್ಮಲ್ಲಾ?"

ನನ್ನ ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ನೀಲಾ ಇದ್ದಳು. ಅರ್ಧ ಗಂಟೆ ಹಿಂದಷ್ಟೇ ಆಸ್ಪತ್ರೆಯಲ್ಲಿ ಅವಳ ಕಿವಿ ಪರೀಕ್ಷೆ ಮುಗಿದಿತ್ತು. ಅಲ್ಲಿಯೂ ಬೆಳಗಿನಿಂದ ಇದೇ ಮಾತು. ಹೆರಿಗೆ ನಾರ್ಮಲ್ಲಾ ಎಂದು ಕೇಳಿದ್ದರು, ಹೌದು ಎಂದಿದ್ದೆ. ಕಿವಿಯ ಆಕಾರ ನಾರ್ಮಲ್ ಇದೆ ಎಂದಾಗ ಹೋದ ಜೀವ ಬಂದಂತಾಗಿತ್ತು. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, "ಕೇಳಿಸೋದು ಮಾತ್ರ ನಾರ್ಮಲ್ ಇಲ್ಲಮ್ಮ, ಎರಡೂ ಕಡೆ" ಎಂದಿದ್ದರು. ಈಗ ಈ ಮಾಣಿಯೂ ಮಗಳ ಕಡೆ ನೋಡುತ್ತ ಅದನ್ನೇ ಕೇಳುತ್ತಿದ್ದಾರೆ.

"ಇಲ್ರೀ, ಕಿವಿ ಕೇಳಂಗಿಲ್ಲ" ಎಂದೆ.

ಅವರು ಕೈಯಲ್ಲಿದ್ದ ಲೋಟಗಳನ್ನು ಮೇಜಿನ ಮೇಲಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ನೀರಮ್ಮ. ನಾರ್ಮಲ್ಲಾ, ಕೋಲ್ಡಾ ಅಂತ ಕೇಳ್ದೆ" ಎಂದರು. ನಾಚಿಕೆಯಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನಮ್ಮ ಮನೆಯವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂತರು.

ನಾವು ಕುಷ್ಟಗಿ ಕಡೆಯವರು. ನಮ್ಮೂರಿನಲ್ಲಿ ನೀರು ಎಂದರೆ ನೀರು. ಬಿಸಿ ಬೇಕಾದವರು ಕಾಯಿಸಿಕೊಳ್ಳುತ್ತಾರೆ. ಅಲ್ಲಿ ನೀಲಾಳಿಗೂ ಯಾರೂ ನಯವಾದ ಹೆಸರು ಹುಡುಕಲು ಹೋಗಿರಲಿಲ್ಲ. ಎದುರಿಗೇ "ಕಿವುಡಿ" ಅನ್ನುತ್ತಿದ್ದರು. ಆದರೆ ಹಾಗೆ ಕರೆಯುವ ಓಣಿಯ ಮಕ್ಕಳೇ ಆಟಕ್ಕೆ ಕರೆಯುವಾಗ ಅವಳ ಮುಂದೆ ಬಂದು ನಿಂತು ಕೈ ಬೀಸುತ್ತಿದ್ದರು. ಹಿಂದಿನಿಂದ ಕೂಗಿದರೆ ಕೇಳುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕಿತ್ಸೆಯ ಮಾತು ಬಂದರೆ ಮಾತ್ರ ಹಿರಿಯರು, ದೇವರು ಕೊಟ್ಟದ್ದು, ಎಂದು ಎದ್ದುಬಿಡುತ್ತಿದ್ದರು. ಹಾಗೆ ಎದ್ದು ಹೋಗುವವರ ನಡುವೆ ಮಗಳಿಗೆ ಮಾತು ಬರುವುದಿಲ್ಲ ಎನಿಸಿದಾಗ ನಾವು ಊರು ಬಿಟ್ಟೆವು.

ಹೊರಮಾವಿನಲ್ಲಿ ಮನೆ ಸಿಕ್ಕಿತು. ಮನೆ ಎಂದರೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡ ಹಳೆಯ ವಠಾರದ ಒಂದು ಕೋಣೆ. ಹತ್ತು ಗಂಟೆಯವರೆಗೆ ಒಂದು ಕಟ್ಟಡದ ನೆರಳು, ಮೂರು ಗಂಟೆಯ ಮೇಲೆ ಇನ್ನೊಂದರದು. ನಮ್ಮ ಮನೆಯವರಿಗೆ ಅದೇ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿ, ಪೈಪು ರಿಪೇರಿಯ ಕೆಲಸ. ಪಕ್ಕದ ಮನೆಯಾಕೆ ದಿನಾ "ಊಟ ಆಯ್ತಾ?" ಎಂದು ಕೇಳುತ್ತಿದ್ದಳು, ಉತ್ತರ ಕೊಡುವಷ್ಟರಲ್ಲಿ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಮೊದಮೊದಲು ಅದನ್ನು ಸೊಕ್ಕು ಎಂದುಕೊಂಡಿದ್ದೆ. ಅಂಗಡಿಯ ಜೋಳದ ಹಿಟ್ಟಿಗೆ ಜಿಗಿ ಇರಲಿಲ್ಲ, ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. ಒಂದು ದಿನ ಹಳೆಯ ಹೊರಮಾವಿನ ಸಂದಿಯಲ್ಲಿ ಗಿರಣಿ ಕಂಡು, ಊರಿಂದ ತಂದ ಜೋಳ ಬೀಸಿಸಿಕೊಂಡು ಬಂದೆ. ಅಂದು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಆ ಪಕ್ಕದ ಮನೆಯಾಕೆ ಬಾಗಿಲು ತೆರೆದು ಬಂದಳು, ಎರಡು ರೊಟ್ಟಿ ತಿಂದು ಹೋದಳು.

ನನಗೆ ಹೊಲಿಗೆ ಬರುತ್ತಿತ್ತು. ಶಿವಾಜಿನಗರದಲ್ಲಿ ರೆಹಾನಾ ಆಪಾ ಅವರ ಹೊಲಿಗೆ ಅಂಗಡಿ ಸೇರಿದೆ. ಆಪಾ ಎಂದರೆ ಅಕ್ಕ. ಮನೆಮಾತು ದಖನಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಮೊದಲ ವಾರದಲ್ಲೇ ಎಡವಟ್ಟಾಯಿತು. ಗಿರಾಕಿಯೊಬ್ಬರು ಬ್ಲೌಸಿಗೆ "ನಾರ್ಮಲ್ ತೋಳು" ಎಂದು ಹೇಳಿ ಹೋಗಿದ್ದರು. ನಮ್ಮ ಕಡೆ ಬ್ಲೌಸಿಗೆ ಜಂಪರ್ ಅನ್ನುತ್ತಾರೆ, ಅದರ ತೋಳು ಮೊಣಕೈ ಹತ್ತಿರ ಬರಬೇಕು. ಹಾಗೆಯೇ ಹೊಲಿದೆ. ಅವರು ಹಾಕಿ ನೋಡಿ, "ಇದು ನಮ್ಮಜ್ಜಿ ತೋಳು" ಎಂದು ಬಿಚ್ಚಿಟ್ಟು ಹೋದರು.

ಆಪಾ ಬೈಯಲಿಲ್ಲ. ಹೊಲಿಗೆ ಬಿಚ್ಚುತ್ತ ಹೇಳಿದರು: "ನೋಡು ಬೇಟಿ, ನಾರ್ಮಲ್ ಅಂದ್ರೆ ನಕ್ಕೋ ಸುನೋ. ಬೆನ್ಸನ್ ಟೌನ್‌ನೋರ್ದು ಒಂದು ನಾರ್ಮಲ್, ನಮ್ದು ಒಂದು. ಟೇಪ್ ಹಿಡಿದು ಎಷ್ಟು ಅಂತ ಕೇಳ್ಬೇಕು." ನಕ್ಕೋ ಎಂದರೆ ಬೇಡ. ಆ ಮಾತು ಕೇಳಲೇಬೇಡ ಎಂದು ಅವರ ಅರ್ಥ.

ಹೊಲಿಗೆಯಲ್ಲಿ ಅದನ್ನು ಕಲಿತೆ. ಬೇರೆ ಕಡೆ ಕಲಿಯುವುದು ತಡವಾಯಿತು.

ನೀಲಾಳಿಗೆ ಕಿವಿಯ ಮಷೀನು ಬಂತು. ಎರಡು ವರ್ಷ ವಾರಕ್ಕೆ ಮೂರು ದಿನ ಮಾತು ಕಲಿಸುವ ಟೀಚರ ಬಳಿ ಕರೆದೊಯ್ದೆ. ಒಂದೊಂದೇ ಮಾತು ಬಂತು. ಆರು ವರ್ಷಕ್ಕೆ ಶಾಲೆಗೆ ಸೇರಿಸಲು ಹೋದಾಗ ಅಲ್ಲಿನ ಮೇಡಂ ಕೇಳಿದರು: "ಮಗು ನಾರ್ಮಲ್ಲಾ?" ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನೀಲಾಳ ಕೆನ್ನೆ ಸವರಿ, ಕೈಗೆ ಚಾಕೊಲೇಟ್ ಕೊಟ್ಟು, "ನಾರ್ಮಲ್ ಮಕ್ಕಳಿಗೆ ಹೇಳ್ಕೊಡೋ ಟೀಚರ್ಸ್ ಮಾತ್ರ ನಮ್ಮಲ್ಲಿರೋದು. ನಿಮ್ಮ ಮಗುಗೇ ಕಷ್ಟ ಆಗತ್ತೆ" ಎಂದರು. ಊರಿನಲ್ಲಿ ಕಿವುಡಿ ಎನ್ನುತ್ತಲೇ ಆಟಕ್ಕೆ ಸೇರಿಸಿಕೊಂಡಿದ್ದರು. ಇಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ, ಸೇರಿಸಿಕೊಳ್ಳುವುದೂ ಇಲ್ಲ.

ಎರಡನೇ ಶಾಲೆಗೆ ಹೋಗುವ ಮುಂಚೆ ನೀಲಾಳ ಕೂದಲನ್ನು ಇಳಿಬಿಟ್ಟು ಎರಡೂ ಕಿವಿ ಮುಚ್ಚಿದೆ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಮುಖ್ಯೋಪಾಧ್ಯಾಯಿನಿ ಅದೇ ಪ್ರಶ್ನೆ ಕೇಳಿದರು. "ನಾರ್ಮಲ್ ಮೇಡಂ, ಸ್ವಲ್ಪ ಮಾತು ಕಡಿಮೆ" ಎಂದೆ. ಸೀಟು ಸಿಕ್ಕಿತು. ಹೊರಗೆ ಬಂದು ಊರಿಗೆ ಫೋನ್ ಮಾಡಿ ಹೇಳಿದೆ.

ಎರಡು ತಿಂಗಳಾದ ಮೇಲೆ ಡೈರಿಯಲ್ಲಿ ಬರೆದು ಕಳಿಸಿದರು: ಪಾಠದ ಕಡೆ ಗಮನವಿಲ್ಲ, ಕರೆದರೆ ಓಗೊಡುವುದಿಲ್ಲ. ಅಂದು ಸಂಜೆ ಅವಳ ಚೀಲ ತೆಗೆದಾಗ ಊಟದ ಡಬ್ಬಿಯ ಕೆಳಗೆ ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದರೆ ಎರಡೂ ಮಷೀನುಗಳು. ದಿನಾ ಶಾಲೆಯ ಗೇಟಿನೊಳಗೆ ಹೋದೊಡನೆ ಅವಳೇ ಬಿಚ್ಚಿಟ್ಟು, ಶಾಲೆ ಬಿಡುವಾಗ ಮತ್ತೆ ಹಾಕಿಕೊಳ್ಳುತ್ತಿದ್ದಳು, ಅಂದು ಮರೆತಿದ್ದಳು.

ಎದುರಿಗೆ ಕೂರಿಸಿಕೊಂಡು ಯಾಕೆ ಎಂದು ಕೇಳಿದೆ. ಅವಳು ಎರಡೂ ಕೈಯಿಂದ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ತಪ್ಪು ಮಾಡಿದ ಮುಖವಲ್ಲ ಅದು, ಹೇಳಿದಂತೆ ಕೇಳಿದ ಜಾಣೆಯ ಮುಖ.

ಅಂದು ನನ್ನ ಕೈಯಲ್ಲಿ ಅಡುಗೆ ಆಗಲಿಲ್ಲ. ನಮ್ಮ ಮನೆಯವರು, "ಈಗ ಹೇಳಿದ್ರ ಹೊರಗ ಹಾಕ್ತಾರ. ಸುಮ್ಮನಿರು" ಎಂದರು. ಅವರ ಭಯ ಸುಳ್ಳಲ್ಲ. ಬೆಳಿಗ್ಗೆ ಆಪಾಗೆ ಹೇಳಿದೆ. "ಹೊರಗೆ ಹಾಕಿದ್ರೆ ಇನ್ನೊಂದು ಶಾಲೆ ನೋಡೋಣ. ಬಚ್ಚಿ ಹಿಂಗೇ ಮುಚ್ಕೊಂಡು ಬೆಳೆದ್ರೆ ಏನ್ ಮಾಡ್ತೀಯ?" ಎಂದು ರಜೆ ಕೊಟ್ಟರು.

ಮುಖ್ಯೋಪಾಧ್ಯಾಯಿನಿ ನಾನು ಹೇಳಿದ್ದನ್ನೆಲ್ಲ ಕೇಳಿ, ನಾನು ಮೇಜಿನ ಮೇಲಿಟ್ಟಿದ್ದ ಒಂದು ಮಷೀನನ್ನು ಕೈಗೆತ್ತಿಕೊಂಡರು. "ಎರಡು ತಿಂಗಳಿಂದ ಈ ಮಗೂನ ಬೈತಾ ಇದ್ದೀವಲ್ಲಮ್ಮ. ಹಿಂದಿನ ಬೆಂಚಲ್ಲಿ ಕೂರ್ಸಿದ್ದೀವಿ. ಮೊದಲೇ ಹೇಳ್ಬೇಕಿತ್ತು ತಾನೆ?"

"ಹೇಳಿದ್ರ ಸೀಟು ಕೊಡ್ತಿದ್ರೇನ್ರೀ?"

ಅವರು ಮಷೀನನ್ನು ಕೆಳಗಿಟ್ಟರು. "ಎಷ್ಟು ಕೇಳಿಸತ್ತೆ ಇವಳಿಗೆ?" ಎಂದರು. ಈ ಊರಿನಲ್ಲಿ ಶಾಲೆಯವರಲ್ಲಿ ಎಷ್ಟು ಎಂದು ಮೊದಲ ಸಲ ಕೇಳಿದವರು ಅವರೇ. ಮಷೀನು ಹಾಕಿ, ಎದುರಿಗೆ ನಿಂತು ಮಾತಾಡಿದರೆ ಹೆಚ್ಚುಕಡಿಮೆ ಎಲ್ಲ ತಿಳಿಯುತ್ತದೆ, ಗದ್ದಲದಲ್ಲಿ ಅರ್ಧ, ಹಿಂದಿನಿಂದ ಕರೆದರೆ ಇಲ್ಲ ಎಂದೆ. ಆಡಳಿತದವರನ್ನು ಕೇಳಿ ತಿಳಿಸುತ್ತೇನೆ ಎಂದರು. ಒಂದು ವಾರ ನೀಲಾ ಮನೆಯಲ್ಲೇ ಉಳಿದಳು. ಯೂನಿಫಾರ್ಮ್ ತಂದು ನನ್ನ ಮಡಿಲಲ್ಲಿ ಇಡುತ್ತಿದ್ದಳು. ಎಂಟನೇ ದಿನ ಫೋನ್ ಬಂತು, ಕರೆದುಕೊಂಡು ಬನ್ನಿ ಎಂದು. ಅಂದು ಎರಡು ಜಡೆ ಬಿಗಿದು ಕಟ್ಟಿದೆ. ಎರಡೂ ಕಿವಿ ಹೊರಗೆ. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ತಮ್ಮ ಮಗನನ್ನು ಹಿಂದೆ ಕಳಿಸಿದರೆಂದು ಒಬ್ಬ ತಾಯಿ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ನೀಲಾ ಮಾತಾಡುವುದನ್ನು ನೋಡಲು ಓಣಿಯೇ ಸೇರಿತ್ತು. ಅವಳು ನನ್ನ ಅವ್ವನ ಎದುರು ನಿಂತು, "ಅಜ್ಜಿ, ನೀರು ಬೇಕು" ಎಂದಳು. ಅವ್ವ ಅತ್ತಳು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು: "ನಿನಗ ಅವ್ವ ಅನ್ನಂಗಿಲ್ಲೇನ ಈಕಿ?"

ಅನ್ನುವುದಿಲ್ಲ. ಮಾತು ಕಲಿಸಿದ ಟೀಚರು ತುಟಿ ತೋರಿಸಿ ಮೊದಲು ಕಲಿಸಿದ ಮಾತು ಅಮ್ಮ. ಬನ್ನಿ, ಹೋಗ್ಬೇಕು, ಗೊತ್ತಿಲ್ಲ, ಎಲ್ಲವೂ ಬೆಂಗಳೂರಿನವು. ನನ್ನ ಮಗಳಿಗೆ ಬಂದ ಮಾತು ನನ್ನ ಮಾತಲ್ಲ. ಬಂತಲ್ಲ ಎಂದು ಸಂತೋಷಪಡುವಾಗಲೂ ಒಂದು ಮೂಲೆಯಲ್ಲಿ ಅದು ಚುಚ್ಚುತ್ತದೆ. ಅವ್ವ ಎನ್ನಲು ಕಲಿಸಿ ನೋಡಿದೆ. ಅಂದಳು, ನಕ್ಕಳು, ಮತ್ತೆ ಅಮ್ಮ ಎಂದೇ ಕರೆದಳು.

ಊರಿನಲ್ಲಿದ್ದ ಅಷ್ಟೂ ದಿನ, ಅಮ್ಮ ಎಂದು ಕೂಗು ಕೇಳಿದರೆ ಓಣಿಯ ಹೆಂಗಸರು ನನ್ನನ್ನು ಕರೆದು ಹೇಳುತ್ತಿದ್ದರು, "ನಿನ್ನ ಮಗಳು ನೋಡ." ಅಲ್ಲಿ ಅಮ್ಮ ನಾನೊಬ್ಬಳೇ. ಇಲ್ಲಿಗೆ ಮರಳಿದ ಮೇಲೆ ಮೊನ್ನೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ, ನೀಲಾಳ ಕೈ ಹಿಡಿದು ನಿಂತಿದ್ದಾಗ, ಹಿಂದಿನಿಂದ ಯಾವುದೋ ಮಗು "ಅವ್ವಾ" ಎಂದಿತು. ಅಷ್ಟು ಜನರ ನಡುವೆ ತಿರುಗಿ ನೋಡಿದವಳು ನಾನು.