ಬಂದರಿನ ಬದಿಯ ಫಿಲಿಪಿನೊ ಊಟದ ಮನೆ

ವಿಶಾಖಪಟ್ಟಣಕ್ಕೆ ನನಗೆ ವರ್ಗವಾದಾಗ ಹೆಂಡತಿ ವಿಜಯವಾಡದಲ್ಲೇ ಉಳಿದಳು. ಅವಳು ಅಲ್ಲಿನ ತೆಲುಗು ಮನೆಯವಳು, ಶಾಲೆಯಲ್ಲಿ ಟೀಚರು. ನಾನು ಕುಂದಾಪುರದ ಕಡೆಯವನು, ಬಂದರಿನ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಆಫೀಸರ್. ಅವಳ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿರಲಿಲ್ಲ. ಮೀನು ತಿನ್ನುವವನು ಎಂದು ಮದುವೆಗೆ ಮೊದಲೇ ಹೇಳಿದ್ದೆ, ಅಷ್ಟನ್ನು ಒಪ್ಪಿದ್ದರು. ಎಂಬತ್ತರ ದಶಕದ ಕೊನೆಯ ಮೂರು ವರ್ಷ ಶನಿವಾರ ರೈಲು ಹತ್ತುವುದು, ಸೋಮವಾರ ಇಳಿಯುವುದು, ಹೀಗೇ ನಡೆಯಿತು.

ವಾರದ ಉಳಿದ ದಿನಗಳಲ್ಲಿ ನಾನು ಊಟ ಮಾಡುತ್ತಿದ್ದುದು ಒಬ್ಬ ಫಿಲಿಪಿನೊ ಹೆಂಗಸಿನ ಕೈಯಲ್ಲಿ. ಆಕೆಯ ಗಂಡ ತೆಲುಗಿನವರು, ಹಡಗಿನಲ್ಲಿ ಎಂಜಿನಿಯರ್. ವರ್ಷದ ಬಹುಭಾಗ ಅವರು ಸಮುದ್ರದ ಮೇಲೆ, ಆಕೆ ಇಲ್ಲಿ. ಮನೆಯ ಜಗಲಿಯಲ್ಲಿ ನಾಲ್ಕು ಮೇಜು ಹಾಕಿ ತನ್ನ ದೇಶದ ಅಡುಗೆ ಬಡಿಸುತ್ತಿದ್ದರು. ಬಂದರಿಗೆ ಬಂದ ಫಿಲಿಪಿನೊ ನಾವಿಕರು ಅಲ್ಲಿ ಕೂತು ಹೆಚ್ಚು ಮಾತಿಲ್ಲದೆ ಉಣ್ಣುತ್ತಿದ್ದರು. ನನಗೆ ಅಲ್ಲಿ ರುಚಿ ಹತ್ತಿದ್ದು ಅಡೋಬೊ. ಹಂದಿಮಾಂಸವನ್ನು ವಿನೆಗರ್, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಕಪ್ಪಗಾಗುವ ತನಕ ಬೇಯಿಸಿದ್ದು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೀನೂಟದ ಮನೆ ಎಂದಷ್ಟೇ ಹೇಳಿದ್ದೆ.

ಒಮ್ಮೆ ಊರಿಂದ ಅಮ್ಮ ಬಂದರು. ಮಗ ದಿನಾ ಎಲ್ಲಿ ಉಣ್ಣುತ್ತಾನೆ ನೋಡಬೇಕೆಂದು ಹಟ ಹಿಡಿದರು. ತಪ್ಪಿಸಲು ಎರಡು ದಿನ ನೋಡಿದೆ. ಮೂರನೆಯ ದಿನ ಮಧ್ಯಾಹ್ನ ಕರೆದುಕೊಂಡು ಹೋದೆ.

ಆಕೆ ಅಮ್ಮನನ್ನು ತೆಲುಗಿನಲ್ಲಿ "ಅಮ್ಮಗಾರೂ" ಎಂದು ಕರೆದು ಒಳ್ಳೆಯ ಮೇಜಿಗೆ ಕೂರಿಸಿದರು. ಹುಣಸೆಹಣ್ಣು ಹಿಂಡಿದ ಮೀನಿನ ಸಾರು ಬಂತು, ಅದರಲ್ಲಿ ಮೂಲಂಗಿ, ಅಲಸಂಡೆ, ಬದನೆ. ಅವರು ಅದಕ್ಕೆ ಸಿನಿಗಾಂಗ್ ಅನ್ನುತ್ತಾರೆ. ಅಮ್ಮ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದು, ತೆಂಗಿನಕಾಯಿ ಅರೆದಿಲ್ಲ, ಖಾರವಿಲ್ಲ, ಆದರೂ ಸಾಗುತ್ತದೆ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆಗ ಪಕ್ಕದ ಮೇಜಿನ ನಾವಿಕನ ಮುಂದೆ ಅಡೋಬೊ ಬಂತು. ಅದೇನು ಎಂದು ಅಮ್ಮ ಕೇಳಿದರು. ಕುರಿಮಾಂಸ ಅಂದೆ. ಅಮ್ಮನಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಬೆರಳು ತೋರಿಸಿ ಆಕೆಯನ್ನೇ ಕೇಳಿದರು.

"ಪಂದಿ, ಅಮ್ಮಗಾರೂ" ಅಂದರು ಆಕೆ. ನಿಮ್ಮ ಹುಡುಗನಿಗೂ ಅದೇ ಇಷ್ಟ ಎಂದು ಸಂತೋಷದಿಂದ ತೆಲುಗಿನಲ್ಲಿ ಸೇರಿಸಿದರು.

ಪಂದಿಗೂ ಹಂದಿಗೂ ಒಂದೇ ಅಕ್ಷರದ ವ್ಯತ್ಯಾಸ. ಅಮ್ಮನಿಗೆ ಅನುವಾದ ಬೇಕಾಗಲಿಲ್ಲ. ಕೈ ತಟ್ಟೆಯ ಮೇಲೆ ನಿಂತಿತು. ಸಾರಿನ ಪಾತ್ರೆಯನ್ನು ತೋರಿಸಿ, ಮತ್ತೆ ಆ ಮೇಜನ್ನು ತೋರಿಸಿ, ಎರಡು ಬೆರಳು ಜೋಡಿಸಿ, ಎರಡೂ ಒಂದೇ ಪಾತ್ರೆಯಲ್ಲಿ ಬೆಂದದ್ದೇ ಎನ್ನುವಂತೆ ತಲೆಯಾಡಿಸಿದರು. ಆಕೆಗೆ ತಕ್ಷಣ ಅರ್ಥವಾಯಿತು. ಅಮ್ಮನ ಮೊಣಕೈ ಹಿಡಿದು ಎಬ್ಬಿಸಿ ಅಡುಗೆಮನೆಗೆ ಕರೆದೊಯ್ದರು. ನಾನು ಹೊರಗೆ ಕೂತೆ. ಒಳಗಿನಿಂದ ಮುಚ್ಚಳ ತೆಗೆಯುವ, ಇಡುವ ಸದ್ದು ಕೇಳುತ್ತಿತ್ತು. ಸುಮಾರು ಹೊತ್ತಾದ ಮೇಲೆ ಅಮ್ಮ ಬಂದು ಕೂತು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡರು. ಬಾಳೆಲೆಯಲ್ಲಿ ಬೇಯಿಸಿದ ಅಕ್ಕಿಯ ಸಿಹಿಯನ್ನೂ ಬಿಡಲಿಲ್ಲ.

ಬಸ್ ಸ್ಟಾಪಿನಲ್ಲಿ ಅಂದರು: "ಪಾತ್ರೆ ಬೇರೆ, ಸೌಟು ಬೇರೆ, ಎಲ್ಲ ತೋರಿಸಿದಳು. ಗುರುತಿಲ್ಲದವಳು ನನಗೆ ಸುಳ್ಳು ಹೇಳ್ಲಿಲ್ಲ ಮಗಾ. ನೀನು ಹೇಳಿದೆ."

ಆ ಶನಿವಾರ ಇಬ್ಬರೂ ವಿಜಯವಾಡಕ್ಕೆ ಹೊರಟೆವು. ರಾಜಮಂಡ್ರಿ ದಾಟಿದ ಮೇಲೆ, ಸೊಸೆಗೆ ಹೇಳಬೇಡ ಎಂದು ಕೇಳಿಕೊಂಡೆ. ನಾನು ಹೇಳುವುದಿಲ್ಲ, ಹೇಳಬೇಕಾದವನು ನೀನು ಅಂದರು.

ಮರುದಿನ ಹೇಳಿದೆ. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದಳು. ಎರಡು ವರ್ಷ ಅಂದೆ. ತಿಂದದ್ದಕ್ಕೆ ಬೇಸರವಿಲ್ಲ, ಎರಡು ವರ್ಷ ತಾನು ಕೇಳಿದ ಊಟದ ಸುದ್ದಿಯಲ್ಲಿ ಅರ್ಧ ಕಟ್ಟುಕತೆಯಾಗಿತ್ತಲ್ಲ, ಅದಕ್ಕೆ ಬೇಸರ ಅಂದಳು. ಕೆಲವು ವಾರ ನಮ್ಮ ಮಾತು ಅಳತೆಯಲ್ಲೇ ಇತ್ತು. ಆಮೇಲೆ ಸರಿಹೋಯಿತು.

ಅಡೋಬೊ ತಿನ್ನುವುದನ್ನು ನಾನು ಬಿಡಲಿಲ್ಲ. ಮುಂದಿನ ವರ್ಷ ಆಕೆ ಗಂಡನೊಂದಿಗೆ ಮನಿಲಾಕ್ಕೆ ಹೋದರು. ಜಗಲಿಯನ್ನು ಯಾರೋ ಟೈಪಿಂಗ್ ಶಾಲೆಗೆ ಬಾಡಿಗೆಗೆ ಹಿಡಿದರು.