ಸತ್ತಿ ವಿಳಾಸಕ್ಕೆ ಬರೆದ ಕಾಗದಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಥಣಿ ಹತ್ತಿರದ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿದ್ದಾಗ ನಮ್ಮ ಸಾಹೇಬರಿಗೆ ದೊಡ್ಡದೊಂದು ಪ್ರಶಸ್ತಿ ಬಂತು. ನಾವಿಬ್ಬರೂ ಸೇರಿ ತೆಗೆದ ತಳಿಗೆ ಬಂದದ್ದು, ಹೆಸರು ಮಾತ್ರ ಅವರೊಬ್ಬರದೇ. ನನಗೆ ಹೊಟ್ಟೆ ಉರಿದುಹೋಯಿತು. ಬಾಯಿ ಬಿಡುವಂತಿರಲಿಲ್ಲ. ಮರುವರ್ಷ ತರುಣ ವಿಜ್ಞಾನಿಗಳ ಪ್ರಶಸ್ತಿಗೆ ಅರ್ಜಿ ಹಾಕಲು ಅವರ ಶಿಫಾರಸು ಬೇಕೇ ಬೇಕಿತ್ತು, ವಯಸ್ಸಿನ ಲೆಕ್ಕದಲ್ಲಿ ನನಗದು ಕೊನೆಯ ಅವಕಾಶ.

ಹಾಗಾಗಿ ಗೆಳೆಯನಿಗೆ ಬರೆದುಕೊಂಡೆ. ಅವನೂ ಸಾಹೇಬರ ಶಿಷ್ಯನೇ, ನಿಪ್ಪಾಣಿಯಲ್ಲಿ ತಂಬಾಕಿನ ಮೇಲೆ ಕೆಲಸ ಮಾಡುತ್ತಿದ್ದ. "ಆಫೀಸಿಗೆ ಬರೀಬ್ಯಾಡೋ, ಇಲ್ಲಿ ಕ್ಲಾರ್ಕ ಒಡದ ಓದ್ತಾನ. ನಮ್ಮೂರು ಸತ್ತಿಗೆ, ಮನಿಗೆ ಬರಿ. ರವಿವಾರ ಹೋದಾಗ ಓದ್ತೀನಿ" ಎಂದಿದ್ದ. ನಾನು ಇನ್‌ಲ್ಯಾಂಡ್ ಮೇಲೆ ಇನ್‌ಲ್ಯಾಂಡ್ ಹಾಕಿ ಸಾಹೇಬರನ್ನು ಮನಸಾರೆ ಬೈದೆ. ರಾತ್ರಿ ನಿದ್ದೆ ಚೆನ್ನಾಗಿ ಬರತೊಡಗಿತು.

ಅವನು ಒಂದು ಸಂಗತಿ ಹೇಳಲು ಮರೆತಿದ್ದ. ಅವರ ಮನೆಯಲ್ಲಿ ಬಂದ ಕಾಗದವನ್ನು ಒಡೆಯದೆ ಇಡುತ್ತಿರಲಿಲ್ಲ. ಒಳಗೆ ಸಾವಿನ ಸುದ್ದಿ ಇದ್ದರೆ ಸೂತಕ ಹಿಡಿಯುವುದು ತಪ್ಪೀತೆಂಬ ಭಯ. ಅಪ್ಪನಿಗೆ ಓದು ಬಾರದು. ಪೋಸ್ಟ್‌ಮನ್ನೇ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಓಣಿಗೆಲ್ಲ ಕೇಳುವಂತೆ ಓದುತ್ತಿದ್ದ. ಯಾರೂ ಸತ್ತಿಲ್ಲವೆಂದು ಮೊದಲ ಸಾಲಿನಲ್ಲೇ ಗೊತ್ತಾದರೂ ಕುಳಿತವರು ಏಳುತ್ತಿರಲಿಲ್ಲವಂತೆ.

ಆ ತಳಿ ಬೆಳೆದಿದ್ದ ಸತ್ತಿಯ ರೈತರು ಸಾಹೇಬರಿಗೆ ಸತ್ಕಾರ ಇಟ್ಟರು. ನನ್ನನ್ನೂ ಕರೆದರು. ಇಬ್ಬರಿಗೂ ರುಮಾಲು ಸುತ್ತಿ, ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಕೂರಿಸಿದರು. ಗೆಳೆಯನ ಅಪ್ಪ ಮೈಕಿಗೆ ಬಂದರು.

"ಸಾಹೇಬ್ರು ನಮಗೇನ ಹೊಸಬರಲ್ರಿ. ಈ ಸಣ್ಣ ಸಾಹೇಬ್ರು ಕಾಗದಾ ಬರೀತಿರ್ತಾರಲ್ಲ, ದೊಡ್ಡ ಸಾಹೇಬ್ರಿಗೆ ಕಬ್ಬು ಅಂದ್ರ ರಸದ ಗ್ಲಾಸಿನ್ಯಾಗ ಇರೂದಷ್ಟ ಗೊತ್ತು ಅಂತ!"

ಜನ ಪ್ರೀತಿಯಿಂದ ನಕ್ಕರು. ಮುದುಕರಿಗೆ ಕುಹಕ ಗೊತ್ತಿರಲಿಲ್ಲ. ಬೀಗರು ಬೈದಾಡಿದ ಹಾಗೆ ಇದೂ ಸಲಿಗೆಯ ಚೇಷ್ಟೆ ಎಂದೇ ಅವರ ಎಣಿಕೆ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪ್ರಶಸ್ತಿ ಹೋಯಿತು, ಬಹುಶಃ ನೌಕರಿಯೂ ಹೋಯಿತು. ಮುಂದಿನ ಸಾಲಿನಲ್ಲಿದ್ದ ಗೆಳೆಯ ಚಪ್ಪಲಿ ಹುಡುಕುವವನಂತೆ ಬಗ್ಗಿಬಿಟ್ಟಿದ್ದ.

"ದೊಡ್ಡ ಸಾಹೇಬ್ರೇನ ಕಡಿಮಿ ಬರದಿಲ್ರಿ," ಎಂದು ಅಪ್ಪ ಮುಂದುವರಿಸಿದರು. "ಈ ಹುಡುಗ ಹೊಲಕ್ಕ ಹೋದ್ರ ಕಬ್ಬಿಗೆ ರೋಗ ಬರ್ತೈತಿ, ಆಫೀಸಿನ್ಯಾಗ ಕುಂತ್ರ ಕುರ್ಚಿಗೆ ಬರ್ತೈತಿ ಅಂತ ಬರದಾರ!"

ಆಗ ತಿಳಿಯಿತು. ಸಾಹೇಬರೂ ಇದೇ ಶಿಷ್ಯನಿಗೆ, ಇದೇ ವಿಳಾಸಕ್ಕೆ ಮನಸ್ಸು ಬಿಚ್ಚುತ್ತಿದ್ದರು. ಚಪ್ಪಾಳೆ ನಿಲ್ಲಲೇ ಇಲ್ಲ. ನಾವಿಬ್ಬರೂ ತೆಂಗಿನಕಾಯಿ ನೋಡುತ್ತ ಕುಳಿತೆವು.

ಜೀಪಿನಲ್ಲಿ ಅಥಣಿಯವರೆಗೆ ಬಂದೆವು. ಆಮೇಲೆ ಸಾಹೇಬರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕುರ್ಚಿ ಮಾತು ಸಿಟ್ಟಿನ್ಯಾಗ ಬರದಿದ್ದೆ."

"ರಸದ ಗ್ಲಾಸೂ ಹಂಗರಿ, ಸಾಹೇಬ್ರ."

"ನಾಳೆ ಅರ್ಜಿ ತಗೊಂಡ ಬಾ."

ಮರುದಿನ ಅವರು ಶಿಫಾರಸು ಬರೆದು ನನ್ನ ಕೈಗಿತ್ತರು. ನಾನು ವಿನಯಶೀಲ, ಗುರುಭಕ್ತ, ಸಹೋದ್ಯೋಗಿಗಳ ಬಗ್ಗೆ ಎಂದೂ ಕೆಟ್ಟದ್ದಾಡದವನು ಎಂದಿತ್ತು.

"ಇದರಾಗ ಏನರ ಸುಳ್ಳ ಐತೇನ ನೋಡು" ಎಂದರು.

"ಎಲ್ಲಾ ಸುಳ್ಳ ಐತ್ರಿ."

"ಹಂಗಾದ್ರ ಪ್ರಶಸ್ತಿ ಬರ್ತೈತಿ ಬಿಡು" ಎಂದು ಕಾಗದ ಇಸಿದುಕೊಂಡು ಸಹಿ ಹಾಕಿದರು.